ಮಡಿಲಕ್ಕಿಯ ಜೊತೆ ಮಗುವಿನ ಲೆಕ್ಕವೂ ಹೋಗಲಿ

ಬೋರನಕಣಿವೆ ಸುತ್ತಿನ ಹಳ್ಳಿ, ಹಟ್ಟಿ, ತಾಂಡಗಳಲ್ಲಿ ಮಗಳ ಬಾಣಂತನ ಮಾಡುವ ತವರಿನವರಿಗೂ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಸೊಸೆ-ಮೊಮ್ಮಕ್ಕಳ ದಾರಿ ನೋಡುವ ಅತ್ತೆಮನೆಯವರಿಗೂ ಒಂದು ಬಹಿರಂಗ ಪತ್ರ

ಬೀಗರೆ, ಬೀಗಿತಿಯರೆ,

ನಿಮ್ಮಿಬ್ಬರ ನಡುವೆ ಮಾತು ಬೆಳೆಯುವುದು ಒಡವೆಗೆ, ತೊಟ್ಟಿಲಿಗೆ, ನಾಮಕರಣದ ಊಟಕ್ಕೆ. ಯಾವ ಬೀಗರೂ ಎಂದೂ ಜಗಳವಾಡದ ಒಂದು ವಿಚಾರಕ್ಕಾಗಿ ನಾನು ಈ ಪತ್ರ ಬರೆಯುತ್ತಿದ್ದೇನೆ. ಮಗುವಿಗೆ ಯಾವ ಇಂಜೆಕ್ಷನ್ ಎಲ್ಲಾಯಿತು, ಮುಂದಿನದು ಎಂದು, ಅದನ್ನು ಬರೆದಿಟ್ಟವರು ಯಾರು ಎಂಬ ಲೆಕ್ಕ ಅದು. ಜಗಳವೇ ಇಲ್ಲದ್ದರಿಂದ ಇಬ್ಬರೂ ಅದನ್ನು ಇನ್ನೊಬ್ಬರು ನೋಡಿಕೊಂಡಿದ್ದಾರೆಂದು ಸುಮ್ಮನಾಗುತ್ತೀರಿ. ನಾನು ಆರೋಗ್ಯ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಗುರುವಾರ ಬಂತೆಂದರೆ ಲಸಿಕೆಯ ಕ್ಯಾರಿಯರ್ ಹೆಗಲಿಗೆ ಹಾಕಿಕೊಂಡು ನಿಮ್ಮ ಊರುಗಳಿಗೆ ಬರುತ್ತಿದ್ದವರಲ್ಲಿ ಒಬ್ಬಳು. ಈಗ ಲಸಿಕೆಯ ಲೆಕ್ಕ ಪುಸ್ತಕ ಬಿಟ್ಟು ಮೊಬೈಲಿಗೆ ಬಂದಿದೆ, ‘ಯು-ವಿನ್’ ಎಂಬ ಪೋರ್ಟಲ್‌ಗೆ ಸೇರುತ್ತಿದೆ. ಅದರಿಂದ ನಿಮಗೇನು ಲಾಭ, ಅದು ನಿಮ್ಮಿಂದ ಏನು ಕೇಳುತ್ತದೆ, ಅದಕ್ಕೆ ಏನು ಮಾಡಲು ಬರುವುದಿಲ್ಲ ಎಂಬುದನ್ನು ಇಲಾಖೆಯ ಬ್ಯಾನರಿಗಿಂತ ಸ್ವಲ್ಪ ಬಿಡಿಸಿ ಹೇಳಬೇಕೆನಿಸಿತು.

ನಮ್ಮ ಸೀಮೆಯ ಒಂದು ಮಗುವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ತಾಯಿಯ ತವರು ಬೋರನಕಣಿವೆಯ ಬದಿಯ ಹಳ್ಳಿ. ಹೆರಿಗೆ ತಿಪಟೂರಿನ ಆಸ್ಪತ್ರೆಯಲ್ಲಿ. ಹುಟ್ಟಿದ 24 ಗಂಟೆಯೊಳಗೆ ಹೆಪಟೈಟಿಸ್ ಬಿ, ಅದರ ಜೊತೆಗೆ ಬಿಸಿಜಿ, ಪೋಲಿಯೋ ಹನಿ, ಎಲ್ಲ ಅಲ್ಲೇ ಆಗುತ್ತವೆ. ತಾಯಿ-ಮಗು ತವರಿಗೆ ಬರುತ್ತಾರೆ. ಒಂದೂವರೆ ತಿಂಗಳದ್ದು, ಎರಡೂವರೆಯದ್ದು, ಮೂರೂವರೆಯದ್ದು ಎಂದು ನೀವು ಕರೆಯುವ ಮೂರು ಸುತ್ತಿನ ಪೆಂಟಾ, ಪೋಲಿಯೋ, ರೋಟಾ ತವರೂರಿನ ಅಂಗನವಾಡಿಯಲ್ಲಿ ಆಗುತ್ತವೆ. ಐದನೇ ತಿಂಗಳಿಗೆ ಮಡಿಲು ತುಂಬಿಸಿಕೊಂಡು ಮಗಳು ತುರುವೇಕೆರೆ ಕಡೆಯ ಗಂಡನ ಮನೆಗೆ ಹೊರಡುತ್ತಾಳೆ. 9 ತಿಂಗಳು ತುಂಬಿದಾಗ ಹಾಕಿಸಬೇಕಾದ ದಡಾರ-ರುಬೆಲ್ಲಾದ ಮೊದಲ ಸೂಜಿ ಆ ಊರಿನ ಪಾಲಿಗೆ ಬರುತ್ತದೆ. ಅಷ್ಟರಲ್ಲಿ ಗಂಡ ಬೆಂಗಳೂರಿನ ಪೀಣ್ಯದಲ್ಲಿ ಬಾಡಿಗೆ ಮನೆ ಮಾಡಿರುತ್ತಾನೆ. 16ರಿಂದ 24 ತಿಂಗಳೊಳಗೆ ಆಗಬೇಕಾದ ಎರಡನೇ ದಡಾರದ ಸೂಜಿಯೂ ಡಿಪಿಟಿ ಬೂಸ್ಟರೂ ಬೆಂಗಳೂರಿನ ಪಾಲು. ಎರಡು ವರ್ಷದೊಳಗೆ ಒಂದೇ ಮಗುವಿನ ಲಸಿಕೆ ನಾಲ್ಕು ಕಡೆ ಹಂಚಿಹೋಯಿತು. ನಾಲ್ಕೂ ಕಡೆ ರಿಜಿಸ್ಟರ್ ಇತ್ತು. ನಾಲ್ಕರಲ್ಲಿ ಯಾವುದೊಂದರಲ್ಲೂ ಮಗುವಿನ ಪೂರ್ತಿ ಲೆಕ್ಕ ಇರಲಿಲ್ಲ.

ಬಾಣಂತನವನ್ನು ನಾನು ಹಳಿಯುತ್ತಿಲ್ಲ. ಹೆತ್ತ ಹೆಣ್ಣಿಗೆ ತಾಯಿಯ ಕೈಯ ಎಣ್ಣೆನೀರು, ಬಿಸಿ ಊಟ, ನಿದ್ದೆ ಸಿಗುವುದು ತವರಿನಲ್ಲೇ. ಆದರೆ ಸರ್ಕಾರದ ಲಸಿಕೆಯ ಪಟ್ಟಿ ತಯಾರಾಗಿರುವುದು ಮಗು ಒಂದೇ ಊರಿನಲ್ಲಿ ಬೆಳೆಯುತ್ತದೆಂಬ ಲೆಕ್ಕದಲ್ಲಿ. ನಮ್ಮ ಮಕ್ಕಳು ಹಾಗೆ ಬೆಳೆಯುವುದಿಲ್ಲ. ತವರಿನ ಆಶಾ ತನ್ನ ಪುಸ್ತಕದಲ್ಲಿ ‘ಗಂಡನ ಮನೆಗೆ ಹೋಗಿದೆ’ ಎಂದು ಬರೆದು ಆ ಸಾಲು ಮುಗಿಸುತ್ತಾಳೆ. ಅತ್ತೆಮನೆಯ ಊರಿನ ಆಶಾಗೆ ಮಗು ಬಂದದ್ದೇ ತಿಳಿದಿರುವುದಿಲ್ಲ, ತಿಳಿದಾಗ ‘ಎಲ್ಲಾ ಆಗಿದೆಯಂತೆ’ ಎಂಬ ಮಾತು ಸಿಗುತ್ತದೆ. ಆ ‘ಅಂತೆ’ಯ ಸಂದಿನಲ್ಲಿ 9 ತಿಂಗಳಿನ ಸೂಜಿ ಬಿದ್ದುಹೋಗುತ್ತದೆ. ದಡಾರ ಊರಿಗೆ ಬರದಂತೆ ತಡೆಯಬೇಕಾದರೆ ನೂರಕ್ಕೆ 95 ಮಕ್ಕಳಿಗೆ ಎರಡೂ ಸೂಜಿ ಆಗಿರಬೇಕು. ಬೇರೆ ರೋಗಗಳಿಗಿಂತ ದಡಾರ ಬೇಗ ಹರಡುವುದರಿಂದ ಅಲ್ಲಿ ಕಡಿಮೆಗೆ ನಡೆಯುವುದಿಲ್ಲ. ಅದನ್ನು ತಡೆಯುವ ಎರಡು ಸೂಜಿಗಳೇ ನಮ್ಮಲ್ಲಿ ಊರು ಬದಲಾಗುವ ಹೊತ್ತಿಗೆ ಬರುತ್ತವೆ.

ಹಿಂದೆ ನಾವು ಇದನ್ನು ಹೇಗೆ ನಿಭಾಯಿಸುತ್ತಿದ್ದೆವು? ದೇಶದಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಶುರುವಾದದ್ದು 1985ರಲ್ಲಿ. ಉಪಕೇಂದ್ರದ ಗೋಡೆಗೆ ಬಟ್ಟೆಯ ‘ಟಿಕ್ಲರ್ ಬ್ಯಾಗ್’ ಒಂದನ್ನು ನೇತುಹಾಕುತ್ತಿದ್ದೆವು. ಅದಕ್ಕೆ ತಿಂಗಳಿಗೊಂದರಂತೆ ಜೇಬು. ತಾಯಿ ಕಾರ್ಡಿನ ಅರ್ಧ ಚೀಟಿ ತಾಯಿಯ ಹತ್ತಿರ, ಇನ್ನರ್ಧ ನಮ್ಮ ಹತ್ತಿರ. ಮಗುವಿನ ಮುಂದಿನ ಸೂಜಿ ಯಾವ ತಿಂಗಳಿಗೋ ಆ ತಿಂಗಳ ಜೇಬಿಗೆ ಚೀಟಿ ಇಡುವುದು. ತಿಂಗಳು ಬಂದಾಗ ಜೇಬು ಖಾಲಿ ಮಾಡಿ, ಹೆಸರು ಬರೆದುಕೊಂಡು ಮನೆಮನೆಗೆ ಹೋಗುವುದು. ಸೂಜಿ ಆದ ಮಗುವಿನ ಚೀಟಿ ಮುಂದಿನ ಜೇಬಿಗೆ ಹೋಗುತ್ತಿತ್ತು, ಆಗದ್ದು ಅದೇ ಜೇಬಿನಲ್ಲಿ ಉಳಿದು ನಮ್ಮನ್ನು ಚುಚ್ಚುತ್ತಿತ್ತು. ಒಳ್ಳೆಯ ಏರ್ಪಾಡೇ. ಆದರೆ ಊರು ಬಿಟ್ಟ ಮಗುವಿನ ಚೀಟಿಯನ್ನು ಮುಂದಿನ ಊರಿನ ಗೋಡೆಗೆ ತಲುಪಿಸಲು ನಮ್ಮಲ್ಲಿ ದಾರಿಯಿರಲಿಲ್ಲ.

ಆಮೇಲೆ ಕಂಪ್ಯೂಟರ್ ಬಂತು. 2009ರ ಕೊನೆಯಲ್ಲಿ ತಾಯಿ-ಮಗುವಿನ ಜಾಡು ಹಿಡಿಯುವ ಎಂಸಿಟಿಎಸ್ ಶುರುವಾಯಿತು. ಅದರ ಜಾಗಕ್ಕೆ ಆರ್‌ಸಿಎಚ್ ಪೋರ್ಟಲ್ ಬಂತು. ನಿಮ್ಮ ತಾಯಿ ಕಾರ್ಡಿನ ಮೇಲೆ ಬರೆದಿರುವ ಉದ್ದನೆಯ ನಂಬರು ಅದರದ್ದೇ. ಈ ಎರಡರಲ್ಲೂ ಮಾಹಿತಿ ಕೆಳಗಿನಿಂದ ಮೇಲಕ್ಕೆ ಹೋಗುತ್ತಿತ್ತು. ಸಿಸ್ಟರ್ ಪುಸ್ತಕದಲ್ಲಿ ಬರೆದದ್ದನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಬ್ಬರು ಕೂತು ಕಂಪ್ಯೂಟರಿಗೆ ಏರಿಸುತ್ತಿದ್ದರು. ತಾಲ್ಲೂಕು, ಜಿಲ್ಲೆ, ಬೆಂಗಳೂರಿನಲ್ಲಿ ಅದನ್ನು ನೋಡುತ್ತಿದ್ದರು. ನೋಡಲು ಆಗದೆ ಉಳಿದವರು ಇಬ್ಬರೇ: ಮಗುವಿನ ತಾಯಿ, ಮತ್ತು ಪಕ್ಕದ ಜಿಲ್ಲೆಯಲ್ಲಿ ಕ್ಯಾರಿಯರ್ ತೆರೆದು ಅದೇ ಮಗುವಿನ ಎದುರು ಕೂತ ಸಿಸ್ಟರ್.

2021ರ ಜನವರಿ 16ರಂದು ಕೋವಿಡ್ ಲಸಿಕೆ ಶುರುವಾದಾಗ ಕೋವಿನ್ ಎಂಬ ಪೋರ್ಟಲ್ ಬಂದದ್ದು ನಿಮಗೆ ನೆನಪಿದೆ. ಮೊದಲ ಡೋಸ್ ಹುಳಿಯಾರಿನಲ್ಲಿ ಹಾಕಿಸಿಕೊಂಡವರು ಎರಡನೆಯದನ್ನು ಬೆಂಗಳೂರಿನಲ್ಲಿ ಹಾಕಿಸಿಕೊಂಡರು, ಎರಡೂ ಒಂದೇ ಸರ್ಟಿಫಿಕೇಟಿನಲ್ಲಿ ಬಂದವು. ದೊಡ್ಡವರಿಗೆ ಆದದ್ದು ಮಕ್ಕಳಿಗೂ ಆಗಲಿ ಎಂದು ಮಾಡಿದ್ದೇ ಯು-ವಿನ್. 2023ರ ಜನವರಿಯಲ್ಲಿ ದೇಶದ 65 ಜಿಲ್ಲೆಗಳಲ್ಲಿ ಪ್ರಾಯೋಗಿಕವಾಗಿ ಶುರುವಾಯಿತು. ಅದೇ ವರ್ಷದ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ನಡೆದ ತೀವ್ರತರ ಇಂದ್ರಧನುಷ್ ಅಭಿಯಾನದ ಹೊತ್ತಿಗೆ ಎಲ್ಲ ಜಿಲ್ಲೆಗಳಿಗೂ ಬಂತು.

ಅದು ಕೆಲಸ ಮಾಡುವುದು ಹೀಗೆ. ಗರ್ಭಿಣಿಯ ಹೆಸರು, ಮೊಬೈಲ್ ನಂಬರು, ಗುರುತಿನ ಚೀಟಿ ಪೋರ್ಟಲ್‌ಗೆ ಸೇರುತ್ತವೆ. ಹೆರಿಗೆಯಾದ ಆಸ್ಪತ್ರೆ ಮಗು ಹುಟ್ಟಿದ್ದನ್ನೂ ಹುಟ್ಟಿದ ದಿನ ಕೊಟ್ಟ ಲಸಿಕೆಯನ್ನೂ ನಮೂದಿಸುತ್ತದೆ. ಆಮೇಲೆ ದೇಶದ ಯಾವ ಸರ್ಕಾರಿ ಕೇಂದ್ರಕ್ಕೆ ಹೋದರೂ ಅಲ್ಲಿನ ಸಿಸ್ಟರ್ ಅದೇ ಖಾತೆ ತೆರೆದು, ಆಗಿರುವುದು ಯಾವುದು, ಆಗಬೇಕಾದ್ದು ಯಾವುದು ಎಂದು ನೋಡಿ, ಕೊಟ್ಟದ್ದನ್ನು ಅಲ್ಲೇ ಬರೆಯಬಹುದು. ನೋಂದಣಿಯಾದಾಗ ಒಂದು ಮೆಸೇಜು, ಸೂಜಿ ಆದಾಗ ಒಂದು, ಮುಂದಿನದು ಹತ್ತಿರ ಬಂದಾಗ ಇನ್ನೊಂದು ತಾಯಿಯ ಮೊಬೈಲಿಗೆ ಬರುತ್ತದೆ. ಕ್ಯೂಆರ್ ಕೋಡ್ ಇರುವ ಸರ್ಟಿಫಿಕೇಟನ್ನು ಫೋನಿಗೆ ಇಳಿಸಿಕೊಳ್ಳಬಹುದು. ಆಶಾ ಕೈಯಲ್ಲೂ ಈ ವಾರ ಯಾವ ಮನೆಯ ಯಾವ ಮಗುವಿಗೆ ಏನು ಬಾಕಿ ಎಂಬ ಪಟ್ಟಿ ಇರುತ್ತದೆ.

ಲಸಿಕೆ ಹಾಕುವವರಿಗೆ ಆ ಪಟ್ಟಿ ಎಷ್ಟು ಮುಖ್ಯ ಎಂಬುದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ಬಿಸಿಜಿ ಮತ್ತು ದಡಾರ-ರುಬೆಲ್ಲಾದ ಲಸಿಕೆ ಪುಡಿಯ ರೂಪದಲ್ಲಿ ಬರುತ್ತದೆ. ದ್ರಾವಣ ಬೆರೆಸಿ ಬಾಟಲಿ ತೆರೆದರೆ 4 ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ಎಸೆಯಬೇಕು. ಒಂದೇ ಮಗು ಬಂದರೂ ಬಾಟಲಿ ತೆರೆಯಬೇಕೆಂಬುದು ನಿಯಮ. ಆದರೆ ಒಂದೇ ಮಗುವಿಗೆ ಇಡೀ ಬಾಟಲಿ ತೆರೆಯಲು ಕೈ ಹಿಂಜರಿಯುವುದೂ, ‘ಮುಂದಿನ ಗುರುವಾರ ಬನ್ನಿ’ ಎಂದು ಕಳಿಸಿಬಿಡುವುದೂ ಉಂಟು. ಹಾಗೆ ಹೋದ ಮಗು ಮುಂದಿನ ಗುರುವಾರದ ಹೊತ್ತಿಗೆ ಬೇರೆ ಊರಿನಲ್ಲಿರುತ್ತದೆ. ಐದಾರು ಮಕ್ಕಳ ಹೆಸರು ಮೊದಲೇ ಗೊತ್ತಿದ್ದರೆ ಆಶಾ ಎಲ್ಲರನ್ನೂ ಒಂದೇ ದಿನ ಕರೆತರುತ್ತಾಳೆ.

ಇಷ್ಟೆಲ್ಲ ಒಳ್ಳೆಯದನ್ನು ಹೇಳಿದ ಮೇಲೆ, ಇದು ಎಲ್ಲಿ ಮುಗ್ಗರಿಸುತ್ತದೆ ಎಂಬುದನ್ನೂ ಹೇಳಬೇಕು. ಮೊದಲ ಮುಗ್ಗರಿಕೆ ಮಗುವನ್ನು ಗುರುತಿಸುವಲ್ಲಿ. ನಾರ್ವೆಯಲ್ಲಿ 1995ರಿಂದ ಇಡೀ ದೇಶಕ್ಕೆ ಒಂದೇ ಲಸಿಕಾ ದಾಖಲೆಯಿದೆ, ಆಸ್ಟ್ರೇಲಿಯಾದಲ್ಲಿ 1996ರಿಂದ. ನಾರ್ವೆಯಲ್ಲಿ ಹುಟ್ಟಿದ ಪ್ರತಿ ಮಗುವಿಗೂ ಹುಟ್ಟಿನ ಜೊತೆಗೇ ಒಂದು ನಂಬರು ಸಿಗುತ್ತದೆ, ಸಾಯುವ ತನಕ ಅದೇ. ನಮ್ಮ ಮಗುವಿಗೆ ಆಧಾರ್ ಮಾಡಿಸುವುದು ಯಾವಾಗಲೋ. ಅಲ್ಲಿಯವರೆಗೆ ಅದರ ಗುರುತು ಎಂದರೆ ಮನೆಯವರ ಮೊಬೈಲ್ ನಂಬರು. ಇಲ್ಲೇ ನಿಮ್ಮ ಎರಡು ಮನೆಗಳ ಪಾತ್ರ ಶುರುವಾಗುವುದು.

ಅಂಗನವಾಡಿಯ ಜಗುಲಿಯಲ್ಲಿ ಗುರುವಾರ ಬೆಳಗ್ಗೆ ನಡೆಯುವ ಮಾತುಕತೆ ಕೇಳಿ. ‘ಫೋನ್ ನಂಬರ್ ಹೇಳಮ್ಮ.’ ‘ನಮ್ಮೆಜಮಾನ್ರದ್ದು ಕೊಡ್ಲಾ, ಅಪ್ಪಾಜಿದಾ?’ ‘ಆಸ್ಪತ್ರೇಲಿ ಯಾವ್ದು ಕೊಟ್ಟಿದ್ರಿ?’ ‘ಗೊತ್ತಿಲ್ಲ ಸಿಸ್ಟರ್, ಆವತ್ತು ನಮ್ಮ ಅತ್ತೆ ಇದ್ರು.’ ಸಿಸ್ಟರ್ ಒಂದು ನಂಬರು ಹಾಕಿ ಹುಡುಕುತ್ತಾಳೆ, ಸಿಗುವುದಿಲ್ಲ. ಇನ್ನೊಂದು ಹಾಕುತ್ತಾಳೆ, ಅದೂ ಇಲ್ಲ. ಮೂರನೆಯದಕ್ಕೆ ನೆಟ್‌ವರ್ಕ್ ಸುತ್ತುತ್ತಾ ನಿಲ್ಲುತ್ತದೆ. ಹಿಂದೆ ಹತ್ತು ತಾಯಂದಿರು ಬಿಸಿಲಿನಲ್ಲಿ ಕಾಯುತ್ತಿದ್ದಾರೆ, ಮಕ್ಕಳು ಅಳುತ್ತಿವೆ. ಕೊನೆಗೆ ಹೊಸ ಖಾತೆ ತೆರೆದು, ಸೂಜಿ ಹಾಕಿ ಕಳಿಸುತ್ತಾಳೆ. ಆಸ್ಪತ್ರೆಯಲ್ಲಿ ‘ಬೇಬಿ ಆಫ್’ ಎಂದು ತಾಯಿಯ ಹೆಸರಿನಲ್ಲಿ ಅತ್ತೆಯ ನಂಬರಿಗೆ ಸೇರಿದ್ದ ಮಗು, ಈಗ ನಾಮಕರಣದ ಹೆಸರಿನಲ್ಲಿ ತಾತನ ನಂಬರಿಗೆ ಸೇರಿತು. ಪೋರ್ಟಲ್ ಪ್ರಕಾರ ಈಗ ಎರಡು ಮಕ್ಕಳು. ಒಂದು ಮಗು ಹುಟ್ಟಿದ ದಿನದ ಲಸಿಕೆಯ ನಂತರ ಕಾಣೆಯಾಗಿದೆ. ಇನ್ನೊಂದಕ್ಕೆ ಹುಟ್ಟಿದ ದಿನದ್ದು ಆಗಿಯೇ ಇಲ್ಲ. ನೆನಪಿನ ಮೆಸೇಜು ಪೀಣ್ಯದಲ್ಲಿರುವ ತಾಯಿಗೆ ಬಾರದೆ, ತೋಟದಲ್ಲಿ ಕಾಯಿ ಕೆಡವಿಸುತ್ತಿರುವ ತಾತನ ಕೀಪ್ಯಾಡ್ ಫೋನಿಗೆ ಬಂದು ಬೀಳುತ್ತದೆ. ಅವರು ಅದನ್ನು ಕಂಪನಿ ಮೆಸೇಜೆಂದು ಅಳಿಸುತ್ತಾರೆ.

ಅದಕ್ಕೇ ನನ್ನ ಮೊದಲ ಕೋರಿಕೆ: ಮಗುವಿನ ಲಸಿಕೆಗೆ ಒಂದೇ ನಂಬರು ಇರಲಿ, ಅದು ತಾಯಿಯದ್ದಾಗಿರಲಿ. ಮಗು ಎಲ್ಲಿರುತ್ತದೋ ಅಲ್ಲಿ ತಾಯಿ ಇರುತ್ತಾಳೆ. ಅವಳ ಹೆಸರಿನಲ್ಲಿ ಒಂದು ಸಿಮ್ ಇಲ್ಲದಿದ್ದರೆ ಸೀಮಂತಕ್ಕೆ ತರುವ ಸೀರೆಗಿಂತ ಮೊದಲು ಅದನ್ನು ಕೊಡಿಸಿ. ರೀಚಾರ್ಜ್ ಮಾಡಿಸದೆ ಸಿಮ್ ಸಾಯಲು ಬಿಡಬೇಡಿ. ಸರ್ಟಿಫಿಕೇಟ್ ಇಳಿಸಿಕೊಳ್ಳಲು ಓಟಿಪಿ ಬರುವುದು ಅದೇ ನಂಬರಿಗೆ. ಆ ನಂಬರನ್ನು ತಾಯಿ ಕಾರ್ಡಿನ ಮೊದಲ ಪುಟದಲ್ಲಿ ಪೆನ್ನಿನಲ್ಲಿ ದೊಡ್ಡದಾಗಿ ಬರೆದಿಡಿ. ‘ಹೊಸದಾಗಿ ಸೇರಿಸ್ಬೇಡಿ ಸಿಸ್ಟರ್, ಈ ನಂಬರಿನಲ್ಲಿ ಹುಡುಕಿ’ ಎಂದು ಹೇಳಿ. ಆ ಮಾತನ್ನು ಸೊಸೆ ಹೇಳಿದರೂ ಸರಿ, ಅಜ್ಜಿ ಹೇಳಿದರೂ ಸರಿ.

ಎರಡನೆಯದು ಸುಳ್ಳು ಲೆಕ್ಕದ ಮಾತು. ಇದನ್ನು ತೆಂಗು ಬೆಳೆಯುವ ನಿಮಗೆ ವಿವರಿಸಬೇಕಾಗಿಲ್ಲ. 2024ರ ಆರಂಭದಲ್ಲಿ ಬೆಂಬಲ ಬೆಲೆಯ ಉಂಡೆಕೊಬ್ಬರಿ ಖರೀದಿಗೆ ನೋಂದಣಿ ನಡೆದಾಗ ರಾತ್ರಿಯೆಲ್ಲ ಸಾಲಿನಲ್ಲಿ ಕಾದವರು ಹೊರಗೇ ಉಳಿದರು, ಅಕ್ರಮ ನಡೆದಿದೆಯೆಂಬ ದೂರೆದ್ದಿತು, ನೋಂದಣಿ ರದ್ದಾಗಿ ಬೆರಳಚ್ಚು ಪಡೆದು ಮತ್ತೆ ಮಾಡಬೇಕಾಯಿತು. ಕಂಪ್ಯೂಟರಿನಲ್ಲಿ ಹೆಸರಿದ್ದ ಮಾತ್ರಕ್ಕೆ ಕೊಟ್ಟಿಗೆಯಲ್ಲಿ ಕೊಬ್ಬರಿ ಇರುತ್ತದೆಂದೇನೂ ಇಲ್ಲ ಎಂದು ಆಗ ಎಲ್ಲರಿಗೂ ತಿಳಿಯಿತು. ಲಸಿಕೆಯ ಪೋರ್ಟಲ್‌ಗೂ ಅದೇ ಮಾತು. ಕೊಟ್ಟು ಬರೆಯದಿದ್ದರೆ ಮಗುವಿಗೆ ಮತ್ತೊಮ್ಮೆ ಅದೇ ಸೂಜಿ ಬಿದ್ದೀತು. ಕೊಡದೆ ಬರೆದರೆ ಮಗು ರಕ್ಷಣೆಯಿಲ್ಲದೆ ಓಡಾಡುತ್ತದೆ, ಅದರ ಹೆಸರು ಯಾರ ಬಾಕಿ ಪಟ್ಟಿಯಲ್ಲೂ ಬರುವುದಿಲ್ಲ. ಕೊಡದೆ ಬರೆಯುವುದೇ ಹೆಚ್ಚು ಅಪಾಯ. ಗುರಿ ಮುಟ್ಟಬೇಕೆಂಬ ಒತ್ತಡ ಇರುವ ಕಡೆ ಯಾವ ಇಲಾಖೆಯಲ್ಲಾದರೂ ಹೀಗೆ ಸುಳ್ಳು ಬರೆಯುವ ಆಸೆ ಹುಟ್ಟೀತು.

ಅದನ್ನು ಹಿಡಿಯುವ ಅಧಿಕಾರ ಈಗ ಮೊದಲ ಬಾರಿಗೆ ನಿಮ್ಮ ಕೈಗೆ ಬಂದಿದೆ. ಟಿಕ್ಲರ್ ಬ್ಯಾಗು ಉಪಕೇಂದ್ರದ ಬೀಗದೊಳಗಿತ್ತು, ಎಂಸಿಟಿಎಸ್ ಕಚೇರಿಯ ಕಂಪ್ಯೂಟರಿನೊಳಗಿತ್ತು. ಯು-ವಿನ್ ಲೆಕ್ಕ ನಿಮ್ಮ ಫೋನಿನಲ್ಲಿ ತೆರೆಯುತ್ತದೆ, ಕನ್ನಡದಲ್ಲೂ ಓದಲು ಸಿಗುತ್ತದೆ. ಹಾಕಿಸದ ಸೂಜಿಗೆ ‘ಹಾಕಲಾಗಿದೆ’ ಎಂಬ ಮೆಸೇಜು ಬಂದರೆ ಸುಮ್ಮನಿರಬೇಡಿ, ಸಿಸ್ಟರನ್ನು ಕೇಳಿ, ಆರೋಗ್ಯ ಕೇಂದ್ರದ ವೈದ್ಯರಿಗೆ ತಿಳಿಸಿ. ಹಾಕಿಸಿದ ಸೂಜಿಗೆ ಮೆಸೇಜು ಬಾರದಿದ್ದರೂ ಕೇಳಿ. ಲಸಿಕೆಯ ಸಮೀಕ್ಷೆಗಳು ಇಂದಿಗೂ ನಿಂತಿರುವುದು ಕಾರ್ಡ್ ಮತ್ತು ತಾಯಿಯ ನೆನಪಿನ ಮೇಲೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2019-21ರಲ್ಲಿ ಕರ್ನಾಟಕದಲ್ಲಿ ಒಂದರಿಂದ ಎರಡು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 84 ಮಕ್ಕಳಿಗೆ ಎಲ್ಲ ಮುಖ್ಯ ಲಸಿಕೆಗಳೂ ಆಗಿದ್ದವು. 2015-16ರಲ್ಲಿ ಅದು 63ರ ಆಸುಪಾಸು ಇತ್ತು. ಒಳ್ಳೆಯ ಏರಿಕೆ. ಆ ಲೆಕ್ಕಕ್ಕೆ ಬಂದ ಮನೆಗಳಲ್ಲಿ ಕಾರ್ಡ್ ಇಲ್ಲದ ಕಡೆ ತಾಯಿ ಹೇಳಿದ್ದನ್ನೇ ಬರೆದುಕೊಂಡರು. ಉಳಿದ 16 ಮಕ್ಕಳು ಯಾರು, ಯಾವ ಊರಿನವರು ಎಂಬುದನ್ನು ಸಮೀಕ್ಷೆ ಹೇಳುವುದಿಲ್ಲ. ಹೆಸರು ಹಿಡಿದು ಹೇಳಬಲ್ಲದ್ದು ಇಂಥ ದಾಖಲೆಯೊಂದೇ, ಅದೂ ಅದರಲ್ಲಿ ಬರೆದದ್ದು ನಿಜವಾಗಿದ್ದರೆ.

ಇನ್ನು ಅದನ್ನು ಬರೆಯುವವರ ಕಷ್ಟ. ಲಸಿಕೆ ದಿನ ನಿಮ್ಮ ಆಶಾ ಫೋನು ತಿಕ್ಕುತ್ತಾ ನಿಂತಿದ್ದರೆ ‘ಮೊಬೈಲ್ ನೋಡ್ಕೊಂಡು ಕೂತವ್ಳೆ’ ಎಂದು ಆಡಿಕೊಳ್ಳಬೇಡಿ. ಅವಳು ನಿಮ್ಮ ಮೊಮ್ಮಗನನ್ನೇ ಹುಡುಕುತ್ತಿದ್ದಾಳೆ. ಮೊದಲ ವರ್ಷದ ಎಲ್ಲ ಲಸಿಕೆ ಮುಗಿಸಿದ ಮಗುವಿಗೆ ಅವಳಿಗೆ ಸಿಗುವ ಪ್ರೋತ್ಸಾಹಧನ 100 ರೂಪಾಯಿ, ಎರಡನೇ ವರ್ಷದ್ದಕ್ಕೆ 75. ಮಗು ಮಧ್ಯದಲ್ಲಿ ಊರು ಬಿಟ್ಟರೆ, ಅಥವಾ ಪೋರ್ಟಲ್‌ನಲ್ಲಿ ಒಂದು ಸಾಲು ಏರದಿದ್ದರೆ, ಓಡಾಡಿದ್ದಕ್ಕೆ ಅದೂ ಇಲ್ಲ. 2025ರ ಜನವರಿಯಲ್ಲಿ ರಾಜ್ಯದ ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲಿ ಕೂತದ್ದನ್ನು ಟೀವಿಯಲ್ಲಿ ನೋಡಿದ್ದೀರಿ. ನಿಗದಿತ ಗೌರವಧನದ ಜೊತೆಗೆ, ಆರ್‌ಸಿಎಚ್ ಪೋರ್ಟಲ್‌ಗೂ ತಮ್ಮ ದುಡಿಮೆಯ ಹಣಕ್ಕೂ ಹಾಕಿರುವ ಗಂಟನ್ನು ಬಿಚ್ಚಿ ಎಂಬುದೂ ಅವರ ಹಳೆಯ ಬೇಡಿಕೆ. ಯಂತ್ರದ ತಪ್ಪಿಗೆ ಹೆಣ್ಣುಮಗಳ ಸಂಬಳ ಕತ್ತರಿಸುವುದು ನ್ಯಾಯವಲ್ಲ. ಒಂದೇ ಮಗುವನ್ನು ಆರ್‌ಸಿಎಚ್‌ಗೊಮ್ಮೆ, ಯು-ವಿನ್‌ಗೊಮ್ಮೆ, ಪುಸ್ತಕಕ್ಕೊಮ್ಮೆ ಬರೆಯಿಸುವುದೂ ನ್ಯಾಯವಲ್ಲ. ನಿಮ್ಮ ಗ್ರಾಮ ಪಂಚಾಯಿತಿಯ ಸದಸ್ಯರು ಮತ ಕೇಳಲು ಬಂದಾಗ ಚರಂಡಿ, ಬೀದಿದೀಪದ ಜೊತೆ ಇದನ್ನೂ ಕೇಳಿ: ಲಸಿಕೆ ನಡೆಯುವ ಅಂಗನವಾಡಿಗೆ ಇಂಟರ್‌ನೆಟ್ ಯಾವಾಗ? ಸಿಗ್ನಲ್ ಸಿಗದ ಹಳ್ಳಿಯಲ್ಲಿ ಕಾಗದದ ಮೇಲೆ ಬರೆದುಕೊಂಡು ಸಂಜೆ ರಸ್ತೆಗೆ ಬಂದು ಏರಿಸುವಾಗಲೇ ಹೆಸರು ತಪ್ಪುತ್ತದೆ, ತಾರೀಖು ತಪ್ಪುತ್ತದೆ.

ಹಟ್ಟಿಗಳ ಹಿರಿಯರಿಗೆ ಬೇರೆಯಾಗಿ ಒಂದು ಮಾತು ಹೇಳಬೇಕು. ನಮ್ಮ ಹುಳಿಯಾರು ಹೋಬಳಿಯಲ್ಲಿ ಗೊಲ್ಲರಹಟ್ಟಿಗಳಿವೆ. 2023ರ ಜುಲೈನಲ್ಲಿ ನಮ್ಮದೇ ಜಿಲ್ಲೆಯ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ, ಸೂತಕವೆಂದು ಹಟ್ಟಿಯ ಹೊರಗಿನ ಗುಡಿಸಲಿನಲ್ಲಿ ಬಾಣಂತಿಯ ಜೊತೆ ಇರಿಸಿದ್ದ ಹಸುಗೂಸು ಮಳೆ-ಚಳಿಗೆ ಸಿಕ್ಕಿ ತೀರಿಕೊಂಡಿತು. ರಾಜ್ಯವೇ ಆ ಬಗ್ಗೆ ಮಾತಾಡಿತು. ದೇವರ ಮಾತನ್ನು ನಾನು ಎತ್ತುವುದಿಲ್ಲ. ಬಾಣಂತಿ ಇರುವ ಜಾಗಕ್ಕೆ ಆಶಾ, ಸಿಸ್ಟರ್ ಹೋಗಿ ಬರಲು ಯಾರೂ ಅಡ್ಡ ಬರಬಾರದು, ಮಗು ಬೆಚ್ಚಗಿನ ಗಟ್ಟಿ ಸೂರಿನಡಿ ಇರಬೇಕು. ಹುಟ್ಟಿದ್ದನ್ನೇ ಹೇಳದೆ ಮುಚ್ಚಿಟ್ಟ ಮಗುವನ್ನು ಯಾವ ಪೋರ್ಟಲ್ಲೂ ಹುಡುಕಿ ತೆಗೆಯಲಾರದು. ಕುರಿ ಹಿಂಡಿನ ಜೊತೆ ತಿಂಗಳುಗಟ್ಟಲೆ ಊರು ಬಿಡುವವರಿಗೂ, ತೆಂಗಿನ ನಾರು, ಪುಡಿಯ ಕಾರ್ಖಾನೆಗಳಿಗೆ ಹೊರ ರಾಜ್ಯಗಳಿಂದ ಬಂದು ಶೆಡ್ಡುಗಳಲ್ಲಿ ಇರುವ ಸಂಸಾರಗಳಿಗೂ ಈ ಏರ್ಪಾಡಿನಿಂದ ಎಲ್ಲರಿಗಿಂತ ಹೆಚ್ಚು ಅನುಕೂಲ. ಹಿಂಡು ಇಳಿದ ಊರಿನಲ್ಲೇ ಸೂಜಿ ಹಾಕಿಸಬಹುದು. ಆ ಸಂಸಾರಗಳು ನಿಮ್ಮ ತೋಟ, ಶೆಡ್ಡಿನಲ್ಲಿ ಇದ್ದರೆ ಅವರ ಮಕ್ಕಳ ವಿಚಾರ ಆಶಾ ಕಿವಿಗೆ ಹಾಕುವುದು ನಿಮ್ಮ ಕೆಲಸ. 2024ರಲ್ಲಿ ಭಾರತದಲ್ಲಿ ಸುಮಾರು 9 ಲಕ್ಷ ಮಕ್ಕಳಿಗೆ ಪೆಂಟಾದ ಮೊದಲ ಸೂಜಿಯೂ ಆಗಿರಲಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಅಂದಾಜು ಮಾಡಿವೆ. ಅದರ ಹಿಂದಿನ ವರ್ಷ 16 ಲಕ್ಷ ಇತ್ತು. ಕಡಿಮೆಯಾಗುತ್ತಿದೆ, ಸಂತೋಷ. ಉಳಿದವರಲ್ಲಿ ಒಂದೆಡೆ ನಿಲ್ಲದವರ ಮಕ್ಕಳೂ ಇದ್ದಾರೆ.

ತಿಪಟೂರಿನಲ್ಲೋ ಬೆಂಗಳೂರಿನಲ್ಲೋ ಖಾಸಗಿ ಮಕ್ಕಳ ಡಾಕ್ಟರ ಹತ್ತಿರ ದುಡ್ಡು ಕೊಟ್ಟು ಹಾಕಿಸುವವರೂ ಇದ್ದೀರಿ. ಅದು ನಿಮ್ಮಿಷ್ಟ. ಅಲ್ಲಿ ಕೊಡುವ ಬಣ್ಣದ ಪುಸ್ತಕ ಸರ್ಕಾರದ ಲೆಕ್ಕಕ್ಕೆ ತಾನಾಗಿ ಬಂದು ಸೇರುವುದಿಲ್ಲ. ಊರಿನ ಆಶಾ ಪಟ್ಟಿಯಲ್ಲಿ ನಿಮ್ಮ ಮಗು ಬಾಕಿ ಎಂದೇ ಇರುತ್ತದೆ, ಅವಳು ಪ್ರತಿ ತಿಂಗಳು ನಿಮ್ಮ ಬಾಗಿಲಿಗೆ ಬರುತ್ತಾಳೆ. ನಿಮ್ಮ ಡಾಕ್ಟರು ಯು-ವಿನ್‌ನಲ್ಲಿ ನಮೂದಿಸುತ್ತಾರೆಯೇ ಎಂದು ಕೇಳಿ. ಇಲ್ಲವೆಂದರೆ ಆ ಪುಸ್ತಕವನ್ನು ಆಶಾಗೆ ತೋರಿಸಿ ಬರೆಸಿ.

ಮಾಹಿತಿಯ ಭಯವೂ ಸುಳ್ಳಲ್ಲ. 2023ರ ಜೂನ್‌ನಲ್ಲಿ, ಕೋವಿನ್‌ಗೆ ಕೊಟ್ಟಿದ್ದ ಜನರ ಫೋನ್ ನಂಬರು, ಗುರುತಿನ ಚೀಟಿಯ ವಿವರ ಟೆಲಿಗ್ರಾಂನಲ್ಲಿ ಕಾಣುತ್ತಿವೆಯೆಂದು ಸುದ್ದಿಯಾಯಿತು. ಪೋರ್ಟಲ್ ಸುರಕ್ಷಿತವಾಗಿದೆ ಎಂದು ಕೇಂದ್ರ ಸರ್ಕಾರ ಹೇಳಿತು, ಪೊಲೀಸರು ಬಂಧನವನ್ನೂ ಮಾಡಿದರು. ಮಕ್ಕಳ ವಿವರವನ್ನು ಕಾಯುವುದು ಸರ್ಕಾರದ ಹೊಣೆ, ಅದನ್ನು ನಾವು ಪದೇ ಪದೇ ನೆನಪಿಸಬೇಕು. ನಮ್ಮ ಕೈಲಿರುವುದು ಇಷ್ಟು: ಲಸಿಕೆ ಜಾಗದಲ್ಲಿ ಎದುರಿಗಿರುವ ಸಿಸ್ಟರ್, ಆಶಾ ಬಿಟ್ಟು ಬೇರೆ ಯಾರಿಗೂ ಓಟಿಪಿ ಹೇಳಬಾರದು. ‘ತಾಯಿ ಕಾರ್ಡಿನ ದುಡ್ಡು ಬಂದಿದೆ, ನಂಬರ್ ಹೇಳಿ’ ಎಂದು ಫೋನಿನಲ್ಲಿ ಕೇಳಿದವರು ಯಾರೇ ಆಗಿರಲಿ, ಫೋನ್ ಇಟ್ಟುಬಿಡಿ.

ಮತ್ತೆ ಕೆಲವು ಕೆಲಸ ಪೋರ್ಟಲ್ಲಿನಿಂದ ಆಗುವುದೇ ಇಲ್ಲ. 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಅಭಿಯಾನ ಮೊದಲು ಶುರುವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆಗ ವಾಟ್ಸ್ಆ್ಯಪ್‌ನಲ್ಲಿ ಹಬ್ಬಿದ ಸುಳ್ಳಿಗೆ ಹೆದರಿ ಎಷ್ಟೋ ತಂದೆ-ತಾಯಿಗಳು ಮಕ್ಕಳನ್ನು ಶಾಲೆಗೇ ಕಳಿಸಲಿಲ್ಲ. ಅವರ ಭಯ ಬಿಡಿಸಿದ್ದು ಊರಿನ ಮೇಷ್ಟ್ರು, ಆಶಾ, ತಮ್ಮ ಮಗುವಿಗೆ ಮೊದಲು ಹಾಕಿಸಿ ತೋರಿಸಿದವರು. ಪೆಂಟಾ ಹಾಕಿಸಿದ ರಾತ್ರಿ ಮಗುವಿಗೆ ಮೈ ಬಿಸಿಯಾಗಿ, ತೊಡೆ ಗಡುಸಾಗಿ ಅತ್ತರೆ, ‘ಇನ್ನೊಂದ್ಸಲ ಬೇಡ’ ಎನ್ನುವುದು ಅಜ್ಜಿಯೇ. ಒಂದು ದಿನದ ಜ್ವರಕ್ಕೆ ಹೆದರಬೇಡಿ, ಸಿಸ್ಟರ್ ಹೇಳಿದಷ್ಟೇ ಪ್ಯಾರಾಸಿಟಮಾಲ್ ಕೊಡಿ, ಎದೆಹಾಲು ನಿಲ್ಲಿಸಬೇಡಿ, ಸೂಜಿ ಹಾಕಿದ ಜಾಗಕ್ಕೆ ಏನನ್ನೂ ಹಚ್ಚಬೇಡಿ. ಸೂಜಿಯಾದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸುವುದು ನಿಮ್ಮ ಒಳ್ಳೆಯದಕ್ಕೇ, ಅವಸರ ಮಾಡಿ ಎದ್ದು ಹೋಗಬೇಡಿ.

ಕಾಗದದ ತಾಯಿ ಕಾರ್ಡನ್ನು ಬಿಸಾಡಬೇಡಿ. ಸರ್ವರ್ ಬಿದ್ದ ದಿನ, ಫೋನ್ ನೀರಿಗೆ ಬಿದ್ದ ದಿನ ಅದೇ ದಿಕ್ಕು. ಪೋರ್ಟಲ್‌ನಲ್ಲಿ ತಪ್ಪಾದಾಗ ತೋರಿಸಲು ಸಾಕ್ಷಿಯೂ ಅದೇ. ಮಗಳನ್ನು ಕಳಿಸಿಕೊಡುವ ದಿನ ಮಡಿಲಕ್ಕಿ, ಕೊಬ್ಬರಿ, ಬಾಗಿನದ ಜೊತೆ ತವರಿನವರು ಆ ಕಾರ್ಡನ್ನು ಕವರ್ ಹಾಕಿ ಬೀಗಿತಿಯ ಕೈಗೇ ಕೊಡಿ. ‘ಮೂರೂವರೆ ತಿಂಗಳದ್ದು ಆಗಿದೆ, ಒಂಬತ್ತು ತಿಂಗಳದ್ದು ಇಂಥ ತಾರೀಖಿನಿಂದ ನಿಮ್ಮೂರಲ್ಲಿ’ ಎಂದು ಬಾಯಲ್ಲೂ ಹೇಳಿ. ಅತ್ತೆಮನೆಯವರು ಆ ವಾರದೊಳಗೆ ನಿಮ್ಮೂರಿನ ಆಶಾಗೆ ಸೊಸೆ-ಮಗು ಬಂದ ಸುದ್ದಿ ತಲುಪಿಸಿ. ತಂದೆಯಾದವನು ಬಾಡಿಗೆ ಮನೆ ಮಾಡಿದ ಕಡೆ ಗ್ಯಾಸ್ ಬುಕ್ ಮಾಡುವುದರ ಜೊತೆಗೇ ಹತ್ತಿರದ ಆರೋಗ್ಯ ಕೇಂದ್ರ ಯಾವುದೆಂದು ವಿಚಾರಿಸಿಡಲಿ. ಸೂಜಿಗೆ ಕರೆದೊಯ್ಯುವುದು ಹೆಂಗಸರ ಕೆಲಸ ಎಂಬ ನಿಯಮ ಎಲ್ಲೂ ಇಲ್ಲ.

ಈ ಪತ್ರ ಓದಿದವರು ಮನೆಯಲ್ಲಿರುವ ಐದು ವರ್ಷದೊಳಗಿನ ಮಕ್ಕಳ ಕಾರ್ಡ್ ತೆಗೆದು 9 ತಿಂಗಳಿನ ಸಾಲನ್ನೂ ಒಂದೂವರೆ ವರ್ಷದ ಸಾಲನ್ನೂ ನೋಡಿ. ತಾರೀಖು ಬರೆದಿಲ್ಲದಿದ್ದರೆ ಬರುವ ಗುರುವಾರ ಹೊರಡಿ. ದಡಾರ-ರುಬೆಲ್ಲಾದ ಸೂಜಿಯನ್ನು ಐದು ವರ್ಷ ತುಂಬುವವರೆಗೂ ಕೊಡುತ್ತಾರೆ. ಮಧ್ಯದಲ್ಲಿ ನಿಂತದ್ದನ್ನು ಮೊದಲಿಂದ ಶುರು ಮಾಡಬೇಕಾಗಿಲ್ಲ, ನಿಂತಲ್ಲಿಂದ ಮುಂದುವರಿಸಿದರೆ ಸಾಕು. ತಡ ಮಾಡಿದ್ದಕ್ಕೆ ಸಿಸ್ಟರ್ ಬೈದಾರೆಂದು ಹಿಂಜರಿಯಬೇಡಿ. ಬೈದರೆ ಈ ಪತ್ರ ತೋರಿಸಿ.

ಇಂತಿ ನಿಮ್ಮ,
ಹುಳಿಯಾರು ಹೋಬಳಿಯ ನಿವೃತ್ತ ಹಿರಿಯ ಆರೋಗ್ಯ ಸಹಾಯಕಿ